ತಕ್ಕಡಿಗೆ ಕಾಣದ ಲಾಭ

ನಡಿಗೆಯ ಬಗ್ಗೆ ಬರೆಯುವ ನನ್ನನ್ನು ಜನ ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ: ‘ತಿಂಗಳಿಂದ ದಿನಾ ಬೆಳಿಗ್ಗೆ ವಾಕಿಂಗ್ ಹೋಗ್ತಿದ್ದೀನಿ, ತೂಕ ಇಳಿದೇ ಇಲ್ಲ. ಬಿಟ್ಟುಬಿಡಲಾ?’

ದಯವಿಟ್ಟು ಬಿಡಬೇಡಿ. ಸಿಡ್ನಿ ವಿಶ್ವವಿದ್ಯಾಲಯದ ನೇಥನ್ ಜಾನ್ಸನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಪ್ರಶ್ನೆಗೆ ಚೆನ್ನಾಗಿ ಉತ್ತರ ಕೊಡುತ್ತದೆ. ಬೊಜ್ಜಿದ್ದು, ವ್ಯಾಯಾಮದ ಅಭ್ಯಾಸವಿಲ್ಲದವರಿಂದ ನಾಲ್ಕು ವಾರ ಸೈಕಲ್ ತುಳಿಸಿದರು. ಮೈತೂಕ ಇದ್ದಲ್ಲೇ ಇತ್ತು. ಯಕೃತ್ತಿನ ಕೊಬ್ಬು ಮಾತ್ರ ಶೇ 21ರಷ್ಟು, ಹೊಟ್ಟೆಯೊಳಗೆ ಅಂಗಾಂಗಗಳ ಸುತ್ತ ಕಟ್ಟಿಕೊಂಡ ಕೊಬ್ಬು ಶೇ 12ರಷ್ಟು ಕಡಿಮೆಯಾಗಿತ್ತು. ಸಕ್ಕರೆ ಕಾಯಿಲೆಗೆ, ಹೃದಯದ ತೊಂದರೆಗೆ ದಾರಿ ಮಾಡಿಕೊಡುವುದು ಮುಖ್ಯವಾಗಿ ಈ ಒಳಗಿನ ಕೊಬ್ಬೇ. ಅದು ಕರಗುವುದನ್ನು ತಕ್ಕಡಿ ಹೇಳುವುದಿಲ್ಲ.

ನಡೆಯುವಾಗ ಕಾಲಿನ ಸ್ನಾಯುಗಳು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ರಕ್ತದ ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತವೆ. ಇನ್ಸುಲಿನ್ನಿಗೆ ಸರಿಯಾಗಿ ಓಗೊಡದ ಬೊಜ್ಜಿನ ದೇಹಕ್ಕೆ ಇದು ದೊಡ್ಡ ಉಪಕಾರ. ಆದರೆ ಒಮ್ಮೆ ನಡೆದದ್ದರ ಪರಿಣಾಮ ಒಂದೆರಡು ದಿನವಷ್ಟೇ ಉಳಿಯುತ್ತದೆ. ಭಾನುವಾರ ಮೂರು ಗಂಟೆ ನಡೆದು ವಾರವಿಡೀ ಕುಳಿತಿರುವುದಕ್ಕಿಂತ, ಎರಡು ದಿನ ಸತತವಾಗಿ ತಪ್ಪಿಸದೆ ಅರ್ಧರ್ಧ ಗಂಟೆ ನಡೆಯುವುದು ಮೇಲು ಎನ್ನುವುದು ಇದಕ್ಕೇ. (ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ನಡಿಗೆ ಹೆಚ್ಚಿಸಿ, ಸಕ್ಕರೆ ತೀರಾ ಇಳಿದರೆ ಅಪಾಯ.)

ನನ್ನನ್ನು ಈಚೆಗೆ ಹೆಚ್ಚು ಕಾಡಿರುವುದು ಕರುಳಿನ ವಿಷಯ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ನಾವು ಅರಗಿಸಿಕೊಳ್ಳಲಾಗದ ನಾರನ್ನು ಹುಳಿಸಿ ಬ್ಯುಟಿರೇಟ್ ಎಂಬ ಆಮ್ಲ ತಯಾರಿಸುತ್ತವೆ. ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಆಹಾರ; ಉರಿಯೂತವನ್ನು ಹತೋಟಿಯಲ್ಲಿಡುವುದೂ ಅದರ ಕೆಲಸ. ವ್ಯಾಯಾಮಕ್ಕೂ ಈ ಕೆಲಸಕ್ಕೂ ನಂಟಿದೆಯೇ ಎಂದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಜೆಫ್ರಿ ವುಡ್ಸ್ ಅವರ ತಂಡ ಹುಡುಕಿತು. ವ್ಯಾಯಾಮ ಮಾಡದ 32 ಜನ: 18 ಮಂದಿ ತೆಳ್ಳಗಿನವರು, 14 ಮಂದಿ ಬೊಜ್ಜಿನವರು. ಆರು ವಾರ, ವಾರಕ್ಕೆ ಮೂರು ದಿನ, ಅರ್ಧ ಗಂಟೆಯಿಂದ ಒಂದು ಗಂಟೆಗೆ ಏರುವ ಕಸರತ್ತು. ಆಮೇಲೆ ಆರು ವಾರ ಮತ್ತೆ ಏನೂ ಇಲ್ಲ.

2018ರಲ್ಲಿ ಬಂದ ಫಲಿತಾಂಶದಲ್ಲಿ ಎರಡು ಮಾತು ನನಗೆ ಮುಖ್ಯ. ತೆಳ್ಳಗಿನವರಲ್ಲಿ ಬ್ಯುಟಿರೇಟ್ ಹೆಚ್ಚಿತು, ಬೊಜ್ಜಿನವರಲ್ಲಿ ಹಾಗಾಗಲಿಲ್ಲ. ವ್ಯಾಯಾಮ ನಿಂತ ಮೇಲೆ ಬದಲಾವಣೆಗಳು ಬಹುಪಾಲು ಅಳಿಸಿಹೋದವು.

ಮೊದಲನೆಯದನ್ನು ಓದಿ ದಪ್ಪಗಿರುವವರು ಕೈಚೆಲ್ಲಬಾರದು. ಆರು ವಾರ ಬಹಳ ಚಿಕ್ಕ ಅವಧಿ. ಕರುಳು ತಡವಾಗಿ ಸ್ಪಂದಿಸುತ್ತಿದ್ದರೂ ಸ್ನಾಯು, ಯಕೃತ್ತುಗಳು ಮೊದಲ ವಾರಗಳಿಂದಲೇ ಲಾಭ ಪಡೆಯುತ್ತಿರುತ್ತವೆ. ಎರಡನೆಯದು ನಮಗೆಲ್ಲ ಎಚ್ಚರಿಕೆ. ಮಳೆಗಾಲ, ಮದುವೆ, ಪರೀಕ್ಷೆ ಎಂದು ಒಂದೂವರೆ ತಿಂಗಳು ನಿಲ್ಲಿಸುವವರು ಕರುಳಿನ ಮಟ್ಟಿಗೆ ಮೊದಲಿನಿಂದ ಶುರುಮಾಡಬೇಕಾದೀತು.

ನಡಿಗೆಯ ಬಿರುಸೂ ಮುಖ್ಯ. ಇಲಿನಾಯ್‌ನಲ್ಲಿ ಮಾಡಿಸಿದ್ದು ವಾಯುವಿಹಾರವಲ್ಲ, ಮಧ್ಯಮದಿಂದ ತೀವ್ರಕ್ಕೆ ಏರುವ ಶ್ರಮ. ನಡೆಯುತ್ತ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ವೇಗವಿದ್ದರೆ ಮಧ್ಯಮ ಶ್ರಮ. ನಾಲ್ಕು ಮಾತಿಗೇ ಉಸಿರು ಕಟ್ಟಿದರೆ ತೀವ್ರ. ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿರುಸಿನ ಜೊತೆಗೆ ಊಟವೂ ಮುಖ್ಯ: ನಡಿಗೆ ಮುಗಿಸಿ ದರ್ಶಿನಿಯಲ್ಲಿ ಖಾಲಿ ದೋಸೆಯಷ್ಟೇ ತಿಂದರೆ ಕರುಳಿನ ಬ್ಯಾಕ್ಟೀರಿಯಾಗಳಿಗೆ ಕಚ್ಚಾವಸ್ತುವಾದ ನಾರು ಸಾಲದು. ರಾಗಿ, ಸೊಪ್ಪು, ಹುರುಳಿ, ಅವರೆ, ಅಲಸಂದೆ ತಟ್ಟೆಯಲ್ಲಿರಬೇಕು.

ಇನ್ನು ತಕ್ಕಡಿಯ ಬದಲು ಏನು? ದರ್ಜಿಯ ಟೇಪು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಉಸಿರು ಸಹಜವಾಗಿ ಹೊರಬಿಟ್ಟು ಅಳೆಯಿರಿ. ಭಾರತೀಯ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಗಡಿ. ತಿಂಗಳಿಗೊಮ್ಮೆ ಅಳೆದು ಬರೆದಿಡಿ.