ಹೇಳಿದರೋ, ಹೇಳಿಕೊಂಡರೋ?

ಇಂಗ್ಲಿಷ್ ದಿನಪತ್ರಿಕೆಗಳನ್ನು ಓದುವಾಗ ‘ಕ್ಲೇಮ್’ ಎಂಬ ಒಂದು ಕ್ರಿಯಾಪದದ ಮೇಲೆ ಕಣ್ಣಿಟ್ಟರೆ ಸೋಜಿಗವಾಗುತ್ತದೆ. ಪ್ರವಾಹವು ಜೀವಗಳನ್ನು ‘ಕ್ಲೇಮ್’ ಮಾಡುತ್ತದೆ. ಬೌಲರನು ಐದು ವಿಕೆಟ್ಟುಗಳನ್ನು. ಬಾಂಬು ಸಿಡಿಸಿದ ಗುಂಪು ಆ ಕೃತ್ಯದ ಹೊಣೆಯನ್ನು. ಮನೆ ಸುಟ್ಟುಹೋದವನು ವಿಮೆಯ ಹಣವನ್ನು. ಕನ್ನಡದಲ್ಲಾದರೆ ಪ್ರವಾಹ ಬಲಿ ತೆಗೆದುಕೊಳ್ಳುತ್ತದೆ, ಬೌಲರನು ವಿಕೆಟ್ಟು ಕೀಳುತ್ತಾನೆ, ಗುಂಪು ಹೊಣೆ ಹೊರುತ್ತದೆ, ಮನೆ ಕಳೆದುಕೊಂಡವನು ಪರಿಹಾರ ಕೇಳುತ್ತಾನೆ. ಅಲ್ಲಿ ಒಂದೇ ಪದ ನಾಲ್ಕು ಚಾಕರಿ ಮಾಡುತ್ತದೆ.

ಇವುಗಳಿಂದ ಯಾರಿಗೂ ಕೇಡಿಲ್ಲ. ಕೇಡಿರುವುದು ಐದನೆಯ ಬಳಕೆಯಲ್ಲಿ: ಒಬ್ಬರು ಆಡಿದ ಮಾತನ್ನು ವರದಿ ಮಾಡುವಾಗ.

ಈ ಪದದ ಮೂಲ ಲ್ಯಾಟಿನ್ ಭಾಷೆಯ ‘ಕ್ಲಾಮಾರೆ’. ಕೂಗು ಎಂದು ಅರ್ಥ. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು, ತನ್ನದೆಂದು ಹಕ್ಕಿನಿಂದ ಕೇಳುವುದು ಎಂಬ ಅರ್ಥ ಪಡೆಯಿತು. ನಿಜವೆಂದು ಸಾಧಿಸಿ ಹೇಳುವುದು ಎಂಬ ಅರ್ಥ ಆಮೇಲಿನದು. ‘ನ್ಯೂಯಾರ್ಕ್ ಈವ್ನಿಂಗ್ ಪೋಸ್ಟ್’ ಪತ್ರಿಕೆಯನ್ನು ಸುಮಾರು ಅರ್ಧ ಶತಮಾನ ನಡೆಸಿ 1878ರಲ್ಲಿ ತೀರಿಕೊಂಡ ಕವಿ ವಿಲಿಯಂ ಕಲ್ಲನ್ ಬ್ರಯಂಟ್, ತನ್ನ ಪತ್ರಿಕೆಯಲ್ಲಿ ಬಳಸಕೂಡದ ಮಾತುಗಳ ಪಟ್ಟಿಯಲ್ಲಿ ಈ ಬಳಕೆಯನ್ನು ಸೇರಿಸಿದ್ದನು. 1926ರಲ್ಲಿ ಫೌಲರನೂ ತನ್ನ ಪ್ರಸಿದ್ಧ ಪ್ರಯೋಗಕೋಶದಲ್ಲಿ ಇದನ್ನು ಆಕ್ಷೇಪಿಸಿದನು.

ಅವರದು ಭಾಷಾಶುದ್ಧಿಯ ಪ್ರಶ್ನೆ. ಇಂದು ನಮ್ಮೆದುರಿಗಿರುವುದು ನ್ಯಾಯದ ಪ್ರಶ್ನೆ. ಒಂದು ಕಾರ್ಖಾನೆಯಲ್ಲಿ ಮುಷ್ಕರವೆನ್ನೋಣ. ಬಹುಮಂದಿ ಕೆಲಸಕ್ಕೆ ಹೋಗಲಿಲ್ಲವೆಂದು ಕಾರ್ಮಿಕ ಸಂಘ ‘ಕ್ಲೇಮ್’ ಮಾಡಿತು. ಬಹುಮಂದಿ ಬಂದರೆಂದು ಆಡಳಿತವರ್ಗ ‘ತಿಳಿಸಿತು’. ವರದಿಗಾರನು ಬಾಗಿಲಲ್ಲಿ ನಿಂತು ತಲೆ ಎಣಿಸಿಲ್ಲ. ಆದರೂ ತೀರ್ಪು ಆಗಿಹೋಯಿತು! ಒಬ್ಬರದು ಬರಿಯ ವಾದ, ಇನ್ನೊಬ್ಬರದು ಸಂಗತಿ. ಸಾಕ್ಷಿಯಿಲ್ಲ, ವಿಚಾರಣೆಯಿಲ್ಲ; ಕ್ರಿಯಾಪದವೇ ನ್ಯಾಯಾಧೀಶ.

ಇಂಗ್ಲಿಷ್ ಸುದ್ದಿಯನ್ನು ಕನ್ನಡಿಸುವ ನಮ್ಮ ಉಪಸಂಪಾದಕರ ಪಾಡು ಇನ್ನೂ ಸೂಕ್ಷ್ಮ. ಅವರು ಸಾಮಾನ್ಯವಾಗಿ ‘ಹೇಳಿಕೊಂಡಿದ್ದಾರೆ’ ಎಂದು ಬರೆಯುತ್ತಾರೆ. ‘ಕೊಳ್ಳು’ ಎಂಬ ಪುಟ್ಟ ಸಹಾಯಕ ಕ್ರಿಯೆಯ ಶಕ್ತಿ ನೋಡಿ. ‘ಮುದುಕಿ ತನ್ನ ಕಷ್ಟ ಹೇಳಿಕೊಂಡಳು’ ಎಂದರೆ ಕೇಳುವವರ ಮನಸ್ಸು ಕರಗುತ್ತದೆ. ‘ತಾನು ವೈದ್ಯನೆಂದು ಹೇಳಿಕೊಂಡನು’ ಎಂದರೆ ಆತನ ಔಷಧ ಕುಡಿಯಲು ಧೈರ್ಯ ಬಾರದು. ಆ ಎರಡನೆಯ ಧ್ವನಿಯೇ ಸುದ್ದಿಯಲ್ಲಿ ನುಸುಳುವುದು. ಪರಿಹಾರ ಸಿಕ್ಕಿಲ್ಲವೆಂದು ರೈತ ‘ಹೇಳಿಕೊಂಡ’, ಹಂಚಿ ಆಯಿತೆಂದು ಅಧಿಕಾರಿ ‘ಹೇಳಿದರು’ ಎಂದು ಅಚ್ಚಾದರೆ, ಓದುಗನು ಯಾರನ್ನು ನಂಬಿಯಾನು?

‘ಹೇಳಿದರು, ಹೇಳಿದರು’ ಎಂದೇ ಬರೆದರೆ ವರದಿ ಸಪ್ಪೆಯಾಗುವುದೆಂಬ ಆಕ್ಷೇಪವುಂಟು. ನಿತ್ಯವೂ ಅನ್ನ ಉಣ್ಣುವ ನಮಗೆ ಅನ್ನ ಬೇಸರವಾಗಿದೆಯೆ? ಓದುಗನ ಕಣ್ಣು ಆ ಪದದ ಮೇಲೆ ನಿಲ್ಲದೆ ಮಾತಿನ ಮೇಲೆ ನಿಲ್ಲುತ್ತದೆ. ಅದೇ ಅದರ ಗುಣ.

ಸುಳ್ಳನ್ನೂ ಹಾಗೆಯೇ ಒಪ್ಪಿಸಬೇಕೆ ಎಂದರೆ, ಬೇಡ. ಸಂಶಯಕ್ಕೆ ಆಧಾರವಿದ್ದರೆ ಮುಂದಿನ ವಾಕ್ಯದಲ್ಲಿ ಅದನ್ನು ಬಿಚ್ಚಿ ಬರೆಯಲಿ. ದಾಖಲೆ ಏನು ಹೇಳುತ್ತದೆ, ತಾನು ಕಣ್ಣಾರೆ ಏನು ಕಂಡೆ ಎಂದು ತಿಳಿಸಲಿ. ಆಧಾರವಿಲ್ಲದಿದ್ದರೆ ರೈತನೂ ಅಧಿಕಾರಿಯೂ ಇಬ್ಬರೂ ‘ಹೇಳಿದರು’ ಎಂದೇ ಇರಲಿ. ಯಾರ ಮಾತು ನಿಜವೆಂದು ತೂಗಿ ನೋಡುವ ಕೆಲಸ ಓದುಗನಿಗೆ ಸೇರಿದ್ದು.