ಹೊಗೆ ಬಿಟ್ಟು ಬಿರುಕು ಹುಡುಕುವ ಕೈಗಳು
ಮಜ್ದಾ ಎಂಎಕ್ಸ್-5 ರಸ್ತೆಗಿಳಿದದ್ದು 1989ರಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಆ ಮೊದಲ ತಲೆಮಾರಿನ ಪುಟ್ಟ ಸ್ಪೋರ್ಟ್ಸ್ ಕಾರುಗಳು ಇಂದಿಗೂ ಎರಡು ವರ್ಷಕ್ಕೊಮ್ಮೆ ಹೊಗೆ ತಪಾಸಣೆ ದಾಟಲೇಬೇಕು. ಫೇಲಾದರೆ ಹಲವರು ನೇರವಾಗಿ ಕ್ಯಾಟಲಿಟಿಕ್ ಕನ್ವರ್ಟರನ್ನೇ ಬದಲಿಸಿಬಿಡುತ್ತಾರೆ. ಆ ಆತುರ ತೋರದ ಮೆಕ್ಯಾನಿಕ್ ಎಂದರೆ ನನಗೆ ಬಲು ಗೌರವ. ಇನ್‌ಟೇಕ್ ಪೈಪಿಗೆ ಮೆಲ್ಲನೆ ಹೊಗೆ ತುಂಬಿಸಿ, ಟಾರ್ಚ್ ಹಿಡಿದು ಕಾಯುತ್ತಾನೆ. ಬಿಸಿಗೆ ಸೆಟೆದುಹೋದ ರಬ್ಬರ್ ಹೋಸಿನ ಮಡಿಕೆಯಿಂದ ಕೂದಲೆಳೆಯಷ್ಟು ಹೊಗೆ ಏಳುತ್ತದೆ. ಏರ್‌ಫ್ಲೋ ಮೀಟರಿನ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುತ್ತಿದ್ದದ್ದು ಅಲ್ಲಿಂದಲೇ! ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ. ಈ ಹದ ತಪ್ಪಿದರೆ ಎಂಥ ಹೊಸ ಕನ್ವರ್ಟರೂ ಸೋಲುತ್ತದೆ. ಹೋಸ್ ಬದಲಾದ ಮೇಲೆ ಆಕ್ಸಿಜನ್ ಸೆನ್ಸರಿನ ವೋಲ್ಟೇಜ್ 0.1ರಿಂದ 0.9ರ ನಡುವೆ ಚುರುಕಾಗಿ ಏರಿಳಿಯತೊಡಗುತ್ತದೆ. ಅದನ್ನು ಮೀಟರಿನಲ್ಲಿ ಕಂಡ ಮೇಲಷ್ಟೇ ಆತ ಬಾನೆಟ್ ಮುಚ್ಚುವುದು.