ತಿತಿಕ್ಷೆಯೋ ಪ್ರತೀಕಾರವೋ? ಸ್ಕಾಟ್ ಕೆಲಿಯವರ ವ್ಯೋಮವಾಸಗ್ರಂಥದ ವಿಮರ್ಶೆ

ಅಮೆರಿಕಾ ದೇಶದ ವ್ಯೋಮಯಾತ್ರಿಕರಾದ ಸ್ಕಾಟ್ ಕೆಲಿಯವರು 2015ನೆಯ ಇಸವಿಯ ಮಾರ್ಚಿಯಿಂದ 2016ನೆಯ ಇಸವಿಯ ಮಾರ್ಚಿಯವರೆಗೆ, ರಷ್ಯಾದ ಮಿಖಾಯಿಲ್ ಕೊರ್ನಿಯೆಂಕೊ ಅವರೊಡನೆ, ಅಂತರರಾಷ್ಟ್ರೀಯ ವ್ಯೋಮನಿಲಯದಲ್ಲಿ 340 ದಿನಗಳು ವಾಸಮಾಡಿದರು. ಆ ವೃತ್ತಾಂತವನ್ನು ಮಾರ್ಗರೆಟ್ ಲಾಜರಸ್ ಡೀನ್ ಎಂಬ ಲೇಖಕಿಯ ಸಹಾಯದಿಂದ ಬರೆದು, 2017ರಲ್ಲಿ ‘ಎಂಡ್ಯೂರೆನ್ಸ್’ ಎಂಬ ಹೆಸರಿನಿಂದ ಪ್ರಕಟಿಸಿರುತ್ತಾರೆ. ಗ್ರಂಥವು ಶ್ಲಾಘ್ಯವಾದುದೇ. ಆದರೆ ಅದರ ಹೆಸರು ಹೇಳುವುದೊಂದು, ಒಡಲು ಹೇಳುವುದು ಮತ್ತೊಂದು ಎಂದು ನಮ್ಮ ಅಭಿಪ್ರಾಯ.

ಹೆಸರು ಬಂದುದು ಶ್ಯಾಕಲ್‌ಟನ್ನರ ಹಡಗಿನಿಂದ. ದಕ್ಷಿಣಧ್ರುವದ ಕಡೆಗೆ ಹೋದ ಆ ಹಡಗು 1915ರಲ್ಲಿ ಮಂಜಿಗೆ ಸಿಕ್ಕಿ ನುಚ್ಚಾಯಿತು, ಅದರಲ್ಲಿದ್ದವರೆಲ್ಲರೂ ಬದುಕಿದರು. ಆ ಕಥೆಯನ್ನು ಹೇಳುವ ಲ್ಯಾನ್ಸಿಂಗರ ಪುಸ್ತಕವನ್ನು ಕೆಲಿಯವರು ವ್ಯೋಮಕ್ಕೂ ಒಯ್ದಿದ್ದರು. ಈ ಶಬ್ದಕ್ಕೆ ನಮ್ಮಲ್ಲಿ ‘ತಿತಿಕ್ಷೆ’ ಎಂದರೆ ಸಲ್ಲುವುದು. ಆದರೆ ಪರಿಹಾರಕ್ಕೆ ಕೈಹಾಕದೆ ನೋವನ್ನು ತಾಳಿಕೊಳ್ಳುವುದೇ ತಿತಿಕ್ಷೆಯೆಂದು ವೇದಾಂತಿಗಳ ನಿರ್ಣಯವಿರುವುದು ವಾಚಕರಿಗೆ ವಿದಿತವೇ ಆಗಿದೆ. ಈ ಗ್ರಂಥದಲ್ಲಿಯಾದರೋ ಪುಟಪುಟಕ್ಕೂ ಪ್ರತೀಕಾರವೇ ತುಂಬಿದೆ.

ಭಾರವಿಲ್ಲದ ಕಡೆ ದೇಹಕ್ಕೆ ಒದಗುವ ಅವಸ್ಥೆಯನ್ನು ಸ್ವಲ್ಪ ನೋಡೋಣ. ತಡೆಗೆ ಏನನ್ನೂ ಮಾಡದಿದ್ದರೆ ಸೊಂಟದ ಅಸ್ಥಿಯು ತಿಂಗಳಿಗೆ ನೂರಕ್ಕೆ ಒಂದರಿಂದ ಒಂದೂವರೆ ಪಾಲಿನಷ್ಟು ಕ್ಷಯಿಸುವುದು. ದ್ರವವು ಕಾಲಿನಿಂದ ತಲೆಗೇರಿ ಮುಖ ಊದುವುದು; ಕೆಲವರಿಗೆ ಕಣ್ಣಿನ ನರದ ಮೂಲವೇ ಬಾತು ದೃಷ್ಟಿ ಕೆಡುವುದು. ‘ಸ್ವಸ್ಥ’ನೆಂದರೆ ತನ್ನಲ್ಲಿ ತಾನು ನೆಲೆನಿಂತವನು, ನಿಲ್ಲುವುದಕ್ಕೆ ನೆಲವೇ ಇಲ್ಲದವನ ಸ್ವಾಸ್ಥ್ಯವು ಎಂತಹುದೆಂದು ಶಾಬ್ದಿಕರು ಯೋಚಿಸಬಹುದು. ಇದಕ್ಕೆ ನಿತ್ಯವೂ ಸುಮಾರು ಎರಡು ಗಂಟೆಗಳ ವ್ಯಾಯಾಮವು ವಿಹಿತವಾಗಿದೆ. ಅಲ್ಲಿ ಗುಂಡು ಎತ್ತಿದರೆ ಅದಕ್ಕೆ ತೂಕವೇ ಇಲ್ಲ. ಆದಕಾರಣ 2008ರಲ್ಲಿ ಒಯ್ದು ನಿಲ್ಲಿಸಿದ ಯಂತ್ರವೊಂದು, ಗಾಳಿ ತೆಗೆದ ಕೊಳವೆಗಳ ಸೆಳೆತದಿಂದ, 270 ಕಿಲೋಗ್ರಾಮಿನವರೆಗಿನ ಭಾರದ ಪ್ರತಿರೋಧವನ್ನು ಒಡ್ಡುತ್ತದೆ. ತಲೆಗೇರಿದ ದ್ರವವನ್ನು ಕೆಳಗೆಳೆಯಲು ರಷ್ಯನರು ‘ಚಿಬಿಸ್’ ಎಂಬ ಷರಾಯಿಯನ್ನು ಮಾಡಿರುತ್ತಾರೆ. ಅದರೊಳಗಿನ ಒತ್ತಡವನ್ನು ಇಳಿಸಿದರೆ ರಕ್ತವು ಕಾಲಿನ ಕಡೆಗೆ ಹರಿಯುವುದು. ಇವೆಲ್ಲವನ್ನೂ ಗ್ರಂಥಕರ್ತರು ತಿಳಿಯಾದ ಶೈಲಿಯಲ್ಲಿ ವರ್ಣಿಸಿದ್ದಾರೆ.

ಗ್ರಂಥದ ನಿಜವಾದ ಪ್ರತಿನಾಯಕನು ಇಂಗಾಲಾಮ್ಲ ವಾಯು. ನಿಲಯದಲ್ಲಿ ಅದರ ಪ್ರಮಾಣವು ಭೂಮಿಯಲ್ಲಿರುವುದಕ್ಕಿಂತ ಹತ್ತು ಮಡಿಯಷ್ಟಾದರೂ ಇರುವುದು. ಅದನ್ನು ಹೀರುವ ಯಂತ್ರದಲ್ಲಿ ಜಿಯೋಲೈಟ್ ಎಂಬ ಖನಿಜದ ಹರಳುಗಳ ಹಾಸುಗಳಿವೆ. ಒಂದು ಹಾಸು ವಾಯುವನ್ನು ಹಿಡಿಯುತ್ತಿರುವಾಗ ಮತ್ತೊಂದನ್ನು ಕಾಯಿಸಿ, ಹಿಡಿದುದನ್ನು ಹೊರಗೆ ಬಿಡುತ್ತಾರೆ. ಹರಳಿನ ಪುಡಿ ಕವಾಟಗಳಿಗೆ ಸಿಕ್ಕಿಕೊಂಡರೆ ಯಂತ್ರವು ನಿಲ್ಲುವುದು. ಅದನ್ನು ಬಿಚ್ಚಿ, ತೊಳೆದು, ಜೋಡಿಸುವ ಪ್ರಸಂಗಗಳಲ್ಲಿ ಲೇಖನಿಯು ಅತ್ಯಂತ ಸಮರ್ಥವಾಗಿದೆ. ವೀರರಸಕ್ಕೆ ಸ್ಥಾಯಿಯಾದ ಉತ್ಸಾಹವು ಉಡ್ಡಯನದ ವರ್ಣನೆಗಿಂತ ಇಲ್ಲಿಯೇ ಹೆಚ್ಚಾಗಿ ಕಾಣುವುದು. ವಾಯುವಿನ ಅಂಶ ಏರಿತೆಂಬುದನ್ನು ತಲೆನೋವು, ಕಣ್ಣುರಿ, ಸಿಡುಕುಗಳಿಂದಲೇ ತಾವು ಅರಿಯುತ್ತಿದ್ದುದಾಗಿಯೂ, ಭೂಮಿಯಲ್ಲಿದ್ದ ಅಧಿಕಾರಿಗಳು ಪ್ರಮಾಣವು ಮಿತಿಯೊಳಗಿದೆ ಎನ್ನುತ್ತಿದ್ದುದಾಗಿಯೂ ಗ್ರಂಥಕರ್ತರು ಆಕ್ಷೇಪಿಸಿರುತ್ತಾರೆ. ಆಕ್ಷೇಪವು ನ್ಯಾಯವಾದುದು. ಮಿತಿಯನ್ನು ಬರೆದವನು ಆ ಗಾಳಿಯನ್ನು ಉಸಿರಾಡುವವನಲ್ಲ. ಆದರೆ ಇಷ್ಟು ಪ್ರತಿಭಟಿಸಿದವರು ತಮ್ಮ ಗ್ರಂಥಕ್ಕೆ ಸಹನೆಯ ಹೆಸರನ್ನಿಟ್ಟು ವಿಪಕ್ಷಕ್ಕೆ ಬಲವಿತ್ತರಲ್ಲಾ ಎಂದು ಖೇದವಾಗುತ್ತದೆ. ಯಾತ್ರಿಕನು ತಾಳುವನೆಂಬ ಕೀರ್ತಿ ಹಬ್ಬಿದರೆ ಯಂತ್ರವನ್ನು ತಿದ್ದುವ ತ್ವರೆಯು ಯಾರಿಗಿರುವುದು? ನಿಲಯದಿಂದ ಕೆಲವು ಗಂಟೆಗಳಲ್ಲಿ ನೆಲಕ್ಕೆ ಇಳಿಯಬಹುದು. ಅಂಗಾರಕಗ್ರಹದ ಯಾತ್ರೆಯಲ್ಲಿ ಆ ಸೌಕರ್ಯವಿಲ್ಲ.

ಚರಕಸಂಹಿತೆಯು ವೈದ್ಯಶಾಸ್ತ್ರಕ್ಕೆ ಹೇಳುವ ಪ್ರಯೋಜನಗಳಲ್ಲಿ ಆರೋಗ್ಯವಂತನ ಆರೋಗ್ಯವನ್ನು ಕಾಯುವುದೂ ಒಂದು. ಆ ದೃಷ್ಟಿಯಿಂದ ನೋಡಿದರೆ ಕವಾಟವನ್ನು ತೊಳೆಯುವವನೂ ಭಿಷಕ್ಕೇ. ಸ್ವತಃ ವೈದ್ಯರಾದ ವಲೇರಿ ಪೊಲ್ಯಕೋವರು ‘ಮಿರ್’ ನಿಲಯದಲ್ಲಿ 437 ದಿನಗಳಿದ್ದು 1995ರಲ್ಲಿ ಇಳಿದಾಗ ಕೆಲವು ಹೆಜ್ಜೆ ನಡೆದು ತೋರಿಸಿದರು. ಆ ಹೆಜ್ಜೆಗಳ ಹಿಂದೆ ನಿತ್ಯದ ವ್ಯಾಯಾಮವಿತ್ತು.

ಗ್ರಂಥವನ್ನು ಉಡ್ಡಯನದಿಂದ ಆರಂಭಿಸದೆ, ಹಿಂದಿರುಗಿದ ಮೇಲೆ ಮನೆಯ ಊಟದ ಮೇಜಿನಿಂದ ಏಳಲಾರದ, ಕಾಲುಗಳು ಬಾತ, ಮೈಯೆಲ್ಲ ದದ್ದು ಎದ್ದ ಸ್ಥಿತಿಯಿಂದ ಆರಂಭಿಸಿದುದು ಪ್ರಾಮಾಣಿಕವಾದ ಕ್ರಮ. ಬಾಲ್ಯದ ಅಧ್ಯಾಯಗಳು ಮಾತ್ರ ನಡುನಡುವೆ ಬಂದು ಕಥೆಯ ಓಟವನ್ನು ತಡೆಯುತ್ತವೆ. ಭೂಮಿಯಲ್ಲಿಯೇ ಇದ್ದ ಅವಳಿ ಸಹೋದರ ಮಾರ್ಕರೊಡನೆ ಇವರನ್ನು ಹೋಲಿಸಿ ನೋಡಿದ ಫಲಗಳು 2019ರಲ್ಲಿ ಬಂದುದರಿಂದ ಇಲ್ಲಿ ಸೇರಿಲ್ಲ. ವರ್ಣತಂತುಗಳ ತುದಿಗಳು ಯಾನಕಾಲದಲ್ಲಿ ಉದ್ದವಾಗಿ, ಇಳಿದ ಮೇಲೆ ಬೇಗನೆ ಕುಗ್ಗಿದವೆಂದು ಅದರಿಂದ ತಿಳಿದುಬಂತು. ಒಂದೇ ಜೋಡಿಯ ದೃಷ್ಟಾಂತದಿಂದ ವ್ಯಾಪ್ತಿಯು ಸಿದ್ಧಿಸದೆಂಬುದನ್ನು ತಾರ್ಕಿಕರಿಗೆ ಹೇಳಬೇಕಾಗಿಲ್ಲ. ವಿಕಿರಣದ ವಿಷಯವನ್ನು ಗ್ರಂಥಕರ್ತರು ಇನ್ನೂ ವಿಸ್ತರಿಸಬೇಕಾಗಿತ್ತು. ನಿಲಯಕ್ಕೆ ಭೂಮಿಯ ಅಯಸ್ಕಾಂತಕ್ಷೇತ್ರದ ಮರೆಯು ಬಹುಮಟ್ಟಿಗೆ ಉಂಟು. ಅದನ್ನು ದಾಟಿ ಹೋಗುವವರಿಗೆ, ಬಿಚ್ಚಿ ತೊಳೆದು ಜೋಡಿಸಬಹುದಾದ ಅಂತಹ ಯಂತ್ರವೊಂದು ಇದುವರೆಗೆ ಒದಗಿಲ್ಲ.